ಅಬರ್ಡೀನ್‌ಗೆ ಬಂದ ನಮ್ಮ ಕಡೆಯವರಿಗೆ: ಡಾಲ್ಫಿನ್, ಸೀಲ್, ಬೆಂಕಿ ಹಬ್ಬ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಸ್ಕಾಟ್ಲೆಂಡ್‌ನ ಅಬರ್ಡೀನ್‌ಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಅಂತ. ಅದನ್ನು ಯಾರಾದರೂ ಹೇಳುತ್ತಾರೆ ಬಿಡಿ. ತೈಲ ಕಂಪನಿ ಕೆಲಸಕ್ಕೋ ಓದಲಿಕ್ಕೋ ಬಂದ ನಮ್ಮವರು ರಜೆ ಸಿಕ್ಕ ಕೂಡಲೇ ಲಂಡನ್, ಎಡಿನ್‌ಬರ್ಗ್ ಅಂತ ಓಡುತ್ತಾರೆ, ಆದರೆ ಸಿಟಿ ಬಸ್ಸಿನಲ್ಲಿ ಹೋಗಿ ನೋಡಬಹುದಾದ ಡಾಲ್ಫಿನ್ ನೋಡದೆಯೇ ವರ್ಷಗಟ್ಟಲೆ ಕಳೆದುಬಿಡುತ್ತಾರೆ. ನಾನು ಬಾಗಲಕೋಟೆಯವನು, ಇಲ್ಲಿ ನೆಲೆ ನಿಂತು ಬಹಳ ವರ್ಷವಾಯಿತು. ಇಲ್ಲಿನ ಕಡಲಿಗೂ ಹಬ್ಬಗಳಿಗೂ ಅವುಗಳದೇ ಹೊತ್ತು ಇದೆ. ನಮ್ಮ ರಜೆ ನೋಡಿಕೊಂಡು ಅವು ಬರುವುದಿಲ್ಲ.

ಮೊದಲು ಉಬ್ಬರ ಇಳಿತ ತಿಳಿದುಕೊಳ್ಳಿ. ಘಟಪ್ರಭೆ, ಕೃಷ್ಣೆ ದಂಡೆಯಲ್ಲಿ ಬೆಳೆದವರಿಗೆ ಇದು ರೂಢಿಯಿಲ್ಲ ಅಲ್ವಾ? ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಆ ಸಮಯ ದಿನಾ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನೀರು ಇಳಿದಾಗ ಮರಳಿನ ಮೇಲೆ ದೂರ ನಡೆದು ಸೆಲ್ಫಿ ತೆಗೆಯುತ್ತ ನಿಂತರೆ ಹಿಂದಿನಿಂದ ನೀರು ಸುತ್ತುವರಿಯುತ್ತದೆ. ಫೋನಿನಲ್ಲಿ ಸಮಯ ನೋಡಿಯೇ ಹೊರಡಿ. ಹೊಳೆಯಲ್ಲಿ ಈಜಿದ್ದೇನೆ ಅನ್ನುವ ಧೈರ್ಯ ಇಲ್ಲಿ ಬೇಡ. ಬೇಸಿಗೆಯಲ್ಲೂ ನೀರು ಎಷ್ಟು ತಣ್ಣಗಿರುತ್ತದೆ ಎಂದರೆ ಕೈಕಾಲು ಮರಗಟ್ಟುತ್ತವೆ.

ಡಾಲ್ಫಿನ್‌ಗೆ ಟೋರಿ ಬ್ಯಾಟರಿಗೆ ಹೋಗಿ. ಬಂದರಿನ ಬಾಯಿಗೆ ದಕ್ಷಿಣದಲ್ಲಿ, ದಿಬ್ಬದ ಮೇಲಿರುವ ಹಳೇ ಕೋಟೆ ಅದು, ಈಗ ಗೋಡೆಗಳು ಮಾತ್ರ ಉಳಿದಿವೆ. ಡೀ ನದಿ ಅಲ್ಲೇ ಕಡಲು ಸೇರುತ್ತದೆ. ನದಿಗೆ ಹತ್ತುವ ಸಾಲ್ಮನ್ ಮೀನಿಗಾಗಿ ಬಾಟಲ್‌ನೋಸ್ ಡಾಲ್ಫಿನ್‌ಗಳು ಬರುತ್ತವೆ. ವರ್ಷವಿಡೀ ಕಾಣಬಹುದು, ಏಪ್ರಿಲ್‌ನಿಂದ ಜೂನ್‌ವರೆಗೆ ಜಾಸ್ತಿ. ಚಳಿನೀರಲ್ಲಿ ಬದುಕಲು ಮೈತುಂಬ ಕೊಬ್ಬು ಇರುವುದರಿಂದ ಇವು ಈ ಜಾತಿಯಲ್ಲೇ ದೊಡ್ಡವು, ಕೆಲವು ನಾಲ್ಕು ಮೀಟರ್‌ವರೆಗೂ ಬೆಳೆಯುತ್ತವೆ. ದುಡ್ಡು ಕೊಟ್ಟು ಬೋಟ್ ಹತ್ತುವುದೇ ಬೇಕಿಲ್ಲ. ಹಡಗೊಂದು ಒಳಗೆ ಬರುವಾಗ ಅದರ ಮುಂದಿನ ಅಲೆಯನ್ನೇ ನೋಡುತ್ತಿರಿ, ಎಷ್ಟೋ ಸಲ ಅಲ್ಲೇ ಹಾರುತ್ತವೆ. ಒಂದು ತಾಸು ಸುಮ್ನೆ ಕೂಡುವ ತಾಳ್ಮೆ ಇರಲಿ, ಚಹಾದ ಫ್ಲಾಸ್ಕ್ ಜೊತೆಗಿರಲಿ. ಹಾರ್ ಅನ್ನುವ ಕಡಲ ಮಂಜು ಕವಿದ ದಿನ ಮಾತ್ರ ಹೋಗಬೇಡಿ, ನಿಮ್ಮ ಕೈ ನಿಮಗೇ ಕಾಣುವುದಿಲ್ಲ.

ಸೀಲ್‌ಗಳು ಉತ್ತರಕ್ಕೆ ನ್ಯೂಬರೋದಲ್ಲಿ, ಐಥನ್ ನದಿ ಕಡಲು ಸೇರುವಲ್ಲಿ. ನೂರಾರು ಸೀಲ್ ಮರಳಿನ ಮೇಲೆ ಬಿದ್ದುಕೊಂಡಿರುತ್ತವೆ. ಅವು ಎದುರು ದಂಡೆಯಲ್ಲಿ, ನೀವು ಈಚೆ ದಂಡೆಯಲ್ಲಿ. ಹಾಗೇ ಇರಲಿ. ಅವುಗಳಿಗೆ ಕಾಟ ಕೊಡುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ, ಡ್ರೋನ್ ಹಾರಿಸಿ ಹೆದರಿಸಿದರೂ ಸಿಕ್ಕಿಬೀಳುತ್ತೀರಿ. ಚಳಿಗಾಲದ ಆರಂಭದಲ್ಲಿ ಬಿಳಿ ತುಪ್ಪಳದ ಮರಿ ಒಂಟಿಯಾಗಿ ಕಂಡರೆ ಅಯ್ಯೋ ಪಾಪ ಅಂತ ನೀರಿಗೆ ತಳ್ಳಲು ಹೋಗಬೇಡಿ. ಅದಕ್ಕೆ ಬೇಕಿರುವುದು ನೆಲವೇ. ಗಾಯವಾಗಿದ್ದರೆ ದೂರ ನಿಂತು ಪ್ರಾಣಿ ರಕ್ಷಣೆಯವರಿಗೆ ಫೋನ್ ಮಾಡಿ.

ನದಿಯ ಆಚೆ ಫೋರ್ವಿ ಅನ್ನುವ ಮರಳು ದಿಬ್ಬಗಳ ನಿಸರ್ಗಧಾಮ. ಆರ್ಕ್ಟಿಕ್ ಟರ್ನ್ ಹಕ್ಕಿಗಳು ಅಂಟಾರ್ಕ್ಟಿಕಾ ಕಡೆಯಿಂದ ಹಾರಿ ಬಂದು ಇಲ್ಲಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಆಲಮಟ್ಟಿ ಹಿನ್ನೀರಿನ ಫ್ಲೆಮಿಂಗೊ ನಮ್ಮನ್ನು ಕಂಡರೆ ದೂರ ಸರಿಯುತ್ತವೆ. ಇವು ಹಾಗಲ್ಲ, ನೇರ ತಲೆಗೇ ಬಂದು ಕುಕ್ಕುತ್ತವೆ. ಬೇಲಿ ದಾಟಬೇಡಿ, ಟೋಪಿ ಹಾಕಿಕೊಳ್ಳಿ. ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಹಕ್ಕಿಜ್ವರದ ಭಯವಿದೆ.

ಪ್ರಾಣಿಗಳಿಂದ ದೂರ ನಿಲ್ಲಿ ಅಂದೆ. ಇಲ್ಲಿನ ಜನರಿಂದ ಮಾತ್ರ ಹಾಗೆ ದೂರ ನಿಲ್ಲಬೇಡಿ. ನಮ್ಮವರು ಡಿಸೆಂಬರ್ 31ಕ್ಕೆ ನಮ್ಮವರದೇ ಪಾರ್ಟಿ ಮಾಡಿ ಮುಗಿಸುತ್ತಾರೆ. ಈ ಸಲ ಅಬರ್ಡೀನ್‌ನ ದಕ್ಷಿಣಕ್ಕಿರುವ ಸ್ಟೋನ್‌ಹೇವನ್ ಊರಿಗೆ ಹೋಗಿ. ರಾತ್ರಿ ಹನ್ನೆರಡು ಹೊಡೆದ ಕೂಡಲೇ ಊರವರು ತಂತಿ ಬಲೆಯಲ್ಲಿ ತುಂಬಿದ ಬೆಂಕಿಯ ಉಂಡೆಗಳನ್ನು ತಲೆಯ ಮೇಲೆ ಗರಗರ ತಿರುಗಿಸುತ್ತ ಹೈ ಸ್ಟ್ರೀಟ್‌ನಲ್ಲಿ ನಡೆಯುತ್ತಾರೆ, ಕೊನೆಗೆ ಬಂದರಿನ ನೀರಿಗೆ ಎಸೆಯುತ್ತಾರೆ. ಬಾಗಲಕೋಟೆಯ ಹೋಳಿ ಹಲಗಿಗೆ ಕುಣಿದವರಿಗೆ ಮೈ ಜುಮ್ಮೆನ್ನುತ್ತದೆ, ಹಲಗಿ ಬದಲು ಇಲ್ಲಿ ಬ್ಯಾಗ್‌ಪೈಪ್ ಅಷ್ಟೇ. ಕಿಡಿ ಹಾರುತ್ತದೆ, ಹೊಸ ಜಾಕೆಟ್ ಬೇಡ. ವಾಪಸ್ ಬರುವ ದಾರಿ ಮೊದಲೇ ಗೊತ್ತು ಮಾಡಿಕೊಳ್ಳಿ, ಆ ರಾತ್ರಿ ರೈಲು ನಂಬಿ ಹೋಗಬೇಡಿ.

ಇನ್ನೊಂದು ಮಜಾ ಕೇಳಿ. ಹೊಸ ವರ್ಷದ ಮಧ್ಯರಾತ್ರಿ ಕಳೆದ ಮೇಲೆ ಮನೆಗೆ ಮೊದಲು ಕಾಲಿಡುವವನು ಕಪ್ಪು ಕೂದಲಿನ ಎತ್ತರದ ಗಂಡಸಾದರೆ ಶುಭ ಅಂತ ಇಲ್ಲಿನ ನಂಬಿಕೆ. ಎತ್ತರ ಹೇಗೋ ಏನೋ, ಕಪ್ಪು ಕೂದಲಿಗೆ ನಮ್ಮಲ್ಲಿ ಬರವಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಮೊದಲೇ ಕೇಳಿಟ್ಟುಕೊಂಡು ಶಾರ್ಟ್‌ಬ್ರೆಡ್ ಅನ್ನುವ ಬೆಣ್ಣೆ ಬಿಸ್ಕತ್ತಿನ ಡಬ್ಬಿ ಹಿಡಿದು ಹೋಗಿ. ಸಿಕ್ಕರೆ ಒಂದು ಕಲ್ಲಿದ್ದಲ ತುಂಡು. ನಮ್ಮ ಕಡೆ ಮೊದಲ ಕಾಲಿಗೆ ಕಲ್ಲಿದ್ದಲು ತಂದರೆ ಬೈಸಿಕೊಳ್ಳುತ್ತೀರಿ, ಇಲ್ಲಿ ವಿಸ್ಕಿ ಕೊಡುತ್ತಾರೆ. ಕುಡಿಯದವರು ಚಹಾ ಕೇಳಿ, ಯಾರೂ ಬೇಜಾರಾಗುವುದಿಲ್ಲ.

ಅದು ತಪ್ಪಿದರೆ ಜನವರಿ 11ಕ್ಕೆ ಬರ್ಗ್‌ಹೆಡ್ ಅನ್ನುವ ಕಡಲೂರಿನಲ್ಲಿ ಕ್ಲೇವಿ ಎಂಬ ಬೆಂಕಿ ಹಬ್ಬ ಇದೆ. ಡಾಂಬರು, ಕಟ್ಟಿಗೆ ತುಂಬಿದ ಪೀಪಾಯಿಗೆ ಬೆಂಕಿ ಹಚ್ಚಿ ಊರೆಲ್ಲ ಹೊತ್ತು ತಿರುಗುತ್ತಾರೆ. ಬ್ರಿಟನ್ 1752ರಲ್ಲಿ ಕ್ಯಾಲೆಂಡರ್ ಬದಲಿಸಿ 11 ದಿನ ಕೈಬಿಟ್ಟರೂ ಈ ಊರು ಹಳೇ ಕ್ಯಾಲೆಂಡರಿನ ಹೊಸವರ್ಷವನ್ನು ಬಿಟ್ಟಿಲ್ಲ. ಯುಗಾದಿ ಮಾಡುವ ನಮಗೆ ಈ ಹಠ ಬೇಗ ಅರ್ಥವಾಗುತ್ತದೆ. 11 ಭಾನುವಾರ ಬಂದರೆ ಹಿಂದಿನ ದಿನವೇ ಮಾಡುತ್ತಾರೆ, ನೋಡಿಕೊಂಡು ಹೋಗಿ. ಜನವರಿ 25ಕ್ಕೆ, ಕವಿ ರಾಬರ್ಟ್ ಬರ್ನ್ಸ್ ನೆನಪಿನ ಬರ್ನ್ಸ್ ನೈಟ್ ಊಟಕ್ಕೆ ಕರೆದರೆ ಸಸ್ಯಾಹಾರಿಗಳೂ ಧೈರ್ಯವಾಗಿ ಒಪ್ಪಿಕೊಳ್ಳಿ. ಅಲ್ಲಿ ಬಡಿಸುವ ಹ್ಯಾಗಿಸ್ ಕುರಿಯ ಒಳಾಂಗದ ಖಾದ್ಯ, ಆದರೆ ಸಸ್ಯಾಹಾರಿ ಹ್ಯಾಗಿಸ್ ಕೂಡ ಸಿಗುತ್ತದೆ, ಮೊದಲೇ ಹೇಳಬೇಕು ಅಷ್ಟೇ. ನಾಲ್ಕು ಹಸಿಮೆಣಸಿನಕಾಯಿ ಜೇಬಿನಲ್ಲಿರಲಿ.

ಅವ್ವ, ಅಪ್ಪನನ್ನು ಕರೆಸುವುದಿದ್ದರೆ ಮೇ ಕೊನೆಯಿಂದ ಜೂನ್ ಒಳಗೆ ಟಿಕೆಟ್ ಮಾಡಿಸಿ. ಡಾಲ್ಫಿನ್ ಸಿಗುತ್ತವೆ, ಟರ್ನ್ ಸಿಗುತ್ತವೆ, ಕ್ರೂಡನ್ ಬೇ ಹತ್ತಿರ ಬುಲ್ಲರ್ಸ್ ಆಫ್ ಬಕನ್ ಬಂಡೆಗಳಲ್ಲಿ ಪಫಿನ್ ಅನ್ನುವ ಕಡಲ ಹಕ್ಕಿ ಸಿಗುತ್ತವೆ, ರಾತ್ರಿ ಹತ್ತಾದರೂ ಬೆಳಕಿರುತ್ತದೆ. ಬಂಡೆ ಅಂಚಿನಲ್ಲಿ ಹಿರಿಯರ ಕೈ ಬಿಡಬೇಡಿ, ಗಾಳಿ ಜೋರು. ಬರುವಾಗ ಮಂಕಿ ಟೋಪಿ ತರಲು ಹೇಳಿ, ಜೂನ್‌ನಲ್ಲೂ ಬೇಕಾಗುತ್ತದೆ.