ನಿಂತ ಚರಂಡಿಯನ್ನು ಹರಿಯಿಸಿದ ಬಗೆ: ನನ್ನ ಅನುಭವ

ಕಲಬುರಗಿಯ ಸೇಡಂ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಬಡಾವಣೆಯಲ್ಲಿ ನಾನು 14 ವರ್ಷಗಳಿಂದ ವಾಸವಾಗಿದ್ದೇನೆ. ವೃತ್ತಿಯಿಂದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ನಮ್ಮ ಓಣಿಯ ಉದ್ದ ಸುಮಾರು 90 ಮೀಟರ್, ಮನೆಗಳು 22. ಓಣಿಯ ಬಲಬದಿಗೆ ಒಂದೂವರೆ ಅಡಿ ಅಗಲದ ತೆರೆದ ಚರಂಡಿಯೊಂದಿದೆ. ನಾವೆಲ್ಲ ಅದನ್ನು ನಾಲಿ ಎನ್ನುತ್ತೇವೆ. ಹೆಸರಿಗೆ ನಾಲಿಯಾದರೂ ಅದು ಹರಿದದ್ದನ್ನು ನಾನು ಕಂಡಿರಲಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲಿಗೆ ಊರಿನ ನೆಲವೆಲ್ಲ ಒಣಗಿ ಬಿರಿದಾಗಲೂ ಓಣಿಯ ಕೆಳತುದಿಯ ಎಂಟು ಮನೆಗಳ ಮುಂದೆ ಕಪ್ಪು ನೀರು ಹಾಗೆಯೇ ನಿಂತಿರುತ್ತಿತ್ತು.

ಪಾಲಿಕೆಗೆ ಮೂರು ಸಲ ದೂರು ಕೊಟ್ಟೆವು. ಮೂರು ಸಲವೂ ಹೂಳು ತೆಗೆಯಲಾಯಿತು, ಮೂರು ಸಲವೂ ತಿಂಗಳೊಳಗೆ ಮೊದಲಿನ ಸ್ಥಿತಿಯೇ ಬಂತು. ತೆಗೆದ ಹೂಳನ್ನು ಚರಂಡಿಯ ಅಂಚಿನಲ್ಲೇ ರಾಶಿ ಹಾಕಿ ಹೋಗುತ್ತಿದ್ದರು. ಅದನ್ನು ಒಯ್ಯುವ ಗಾಡಿ ಬರುವಷ್ಟರಲ್ಲಿ ನಾಲ್ಕೈದು ದಿನಗಳಾಗಿ, ಒಣಗಿದ ಎರೆಮಣ್ಣು ಪುಡಿಯಾಗಿ ಗಾಳಿಗೂ ಗಾಡಿಗಳ ಚಕ್ರಕ್ಕೂ ಸಿಕ್ಕಿ ಅರ್ಧದಷ್ಟು ಮತ್ತೆ ಚರಂಡಿಗೇ ಬೀಳುತ್ತಿತ್ತು. ನಾಲ್ಕನೆಯ ದೂರು ಬರೆಯಲು ಕುಳಿತ ದಿನ, ಹೂಳು ತೆಗೆಯಲು ಬರುತ್ತಿದ್ದ ಹಿರಿಯ ಪೌರಕಾರ್ಮಿಕ ಮಹಿಳೆಯೊಬ್ಬರು ಹೇಳಿದ ಮಾತು ನೆನಪಾಯಿತು: "ಅಕ್ಕೋರೆ, ಎಷ್ಟ್ ತೆಗದ್ರೂ ಅಷ್ಟೇ ಅದರಿ. ನೀರು ಮುಂದ ಹೋಗ್ಲಾಕ ದಾರೀನೇ ಇಲ್ಲ." ಸಲಿಕೆ ಹಿಡಿದ ಕೈಗೆ ತಳದ ಏರಿಳಿತ ತಿಳಿಯುತ್ತದೆ. ಆ ಮಾತನ್ನು ಮೊದಲ ಸಲವೇ ಗಂಭೀರವಾಗಿ ತೆಗೆದುಕೊಳ್ಳಬೇಕಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಆದ್ದರಿಂದ ದೂರನ್ನು ಬದಿಗಿಟ್ಟು ಅಳತೆಗೆ ಇಳಿದೆ. ಮೊದಲು ಮಾಡಿದ್ದು ತೇಲಿಕೆಯ ಪರೀಕ್ಷೆ. ಚರಂಡಿಯಲ್ಲಿ ಮಣ್ಣು ತಂಗದೆ ತಾನಾಗಿ ತೊಳೆದು ಹೋಗಬೇಕಾದರೆ ನೀರಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಇರಬೇಕೆಂಬುದು ಎಂಜಿನಿಯರುಗಳು ಒಪ್ಪುವ ಲೆಕ್ಕ. ಅಂದರೆ 10 ಮೀಟರ್ ದೂರವನ್ನು ನೀರು 17 ಸೆಕೆಂಡಿನಲ್ಲಿ ದಾಟಬೇಕು. ಬೆಳಗಿನ ಏಳು ಗಂಟೆಗೆ, ಎಲ್ಲ ಮನೆಗಳಲ್ಲೂ ಸ್ನಾನ ಮತ್ತು ಬಟ್ಟೆ ಒಗೆಯುವ ಕೆಲಸ ನಡೆದಿರುವಾಗ, ಒಣಗಿದ ಬೇವಿನ ಕಡ್ಡಿಯೊಂದನ್ನು ಬಿಟ್ಟು ನೋಡಿದೆ. ಮೇಲ್ಭಾಗದಲ್ಲಿ 10 ಮೀಟರ್‌ಗೆ 50 ಸೆಕೆಂಡು ಬೇಕಾಯಿತು. ಕೆಳತುದಿಯಲ್ಲಿ ಕಡ್ಡಿ ಅಲುಗಾಡದೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಗಾಳಿ ಬೀಸಿದಾಗ ಹಿಂದಕ್ಕೆ ಚಲಿಸಿತು.

ಎರಡನೆಯದು ತಳದ ಮಟ್ಟದ ಅಳತೆ. ಇದಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ಗೌಂಡಿಗಳು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಂಡರೆ, ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಪಕ್ಕದ ಮನೆಯ ಗೌಂಡಿಯವರ 15 ಮೀಟರ್ ಪೈಪನ್ನು ಪಡೆದು, ಒಂದು ತುದಿಯನ್ನು ಅವರು, ಇನ್ನೊಂದನ್ನು ನಾನು ಹಿಡಿದು, ನೀರಿನ ಮಟ್ಟದಿಂದ ಚರಂಡಿಯ ತಳದವರೆಗೆ ಟೇಪು ಇಳಿಸುತ್ತ ಆರು ಹಂತಗಳಲ್ಲಿ ಇಡೀ ಓಣಿಯನ್ನು ಅಳೆದೆವು. ಮೊದಲ 75 ಮೀಟರ್‌ನಲ್ಲಿ ತಳ 30 ಸೆಂ.ಮೀ. ಇಳಿದಿತ್ತು. ಕೊನೆಯ 15 ಮೀಟರ್‌ನಲ್ಲಿ ಅದು 11 ಸೆಂ.ಮೀ. ಮೇಲೇರಿತ್ತು. ಮುಖ್ಯ ರಸ್ತೆಯ ಅಡಿಯಲ್ಲಿ ಹಾಯುವ ಅಡ್ಡಮೋರಿಯ ಪೈಪನ್ನು ಎತ್ತರದಲ್ಲಿ ಕೂರಿಸಿ, ಅದರ ಬಾಯಿಗೆ ಹೊಂದಿಸಲು ಚರಂಡಿಯ ತಳಕ್ಕೆ ಕಾಂಕ್ರೀಟ್ ಸುರಿದಿದ್ದರು. ಹೀಗಿರುವಾಗ ಎಷ್ಟು ಹೂಳು ತೆಗೆದರೂ ಸುಮಾರು 40 ಮೀಟರ್ ಉದ್ದಕ್ಕೆ ನೀರು ನಿಲ್ಲಲೇಬೇಕು, ಮತ್ತು ಅದು ಸರಿಯಾಗಿ ಆ ಎಂಟು ಮನೆಗಳ ಮುಂದೆಯೇ ನಿಲ್ಲಬೇಕು.

ಹೂಳಿನಲ್ಲಿ ಏನಿದೆ ಎಂಬುದನ್ನೂ ನೋಡಿದೆ. ಎಲ್ಲರೂ ಪ್ಲಾಸ್ಟಿಕ್ಕನ್ನು ದೂರುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ. ಎರಡು ಬುಟ್ಟಿ ಹೂಳನ್ನು ಒಣಗಿಸಿ ಜರಡಿ ಹಿಡಿದಾಗ ಗುಟ್ಕಾ ಚೀಟಿ, ಹಾಲಿನ ಪಾಕೀಟು, ಚಹಾದ ಕಪ್ಪುಗಳು ಸಿಕ್ಕಿದ್ದು ನಿಜ, ಆದರೆ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇದ್ದದ್ದು ಮರಳು ಮತ್ತು ಎರೆಮಣ್ಣು. ಮರಳು ಬಂದದ್ದು ಮನೆ ಕಟ್ಟುವವರು ರಸ್ತೆಯ ಮೇಲೆ ಸುರಿದ ರಾಶಿಗಳಿಂದ. ಆ ವರ್ಷ ನಮ್ಮ ಓಣಿಯಲ್ಲಿ ಮೂರು ಮನೆಗಳ ಕೆಲಸ ನಡೆದಿತ್ತು. ರಾಶಿಯ ಸುತ್ತ ಒಂದು ಸಾಲು ಇಟ್ಟಿಗೆ ಜೋಡಿಸಬೇಕೆಂದು ಮೂರೂ ಮನೆಯವರನ್ನು ಕೇಳಿಕೊಂಡೆ. ಇಬ್ಬರು ಮರುದಿನವೇ ಜೋಡಿಸಿದರು, ಮೂರನೆಯವರ ಕೆಲಸ ಅಷ್ಟರಲ್ಲಿ ಮುಗಿದಿತ್ತು.

ಇಷ್ಟಾದ ಮೇಲೆ ಕಾಗದದ ಕೆಲಸ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿದೆ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಆದ್ದರಿಂದ ಏಕೆ, ಯಾರು ಎಂಬ ಪ್ರಶ್ನೆಗಳನ್ನೆಲ್ಲ ಬಿಟ್ಟು, ಆ ಅಡ್ಡಮೋರಿಯ ಅಂದಾಜು ಪಟ್ಟಿ, ನಕ್ಷೆ ಮತ್ತು ಅಳತೆ ಪುಸ್ತಕದ ಪ್ರತಿಗಳನ್ನು ಮಾತ್ರ ಕೇಳಿದೆ. ದಾಖಲೆಯ ಹೆಸರು ಹಿಡಿದು ಕೇಳಿದರೆ ಉತ್ತರವೂ ದಾಖಲೆಯ ರೂಪದಲ್ಲೇ ಬರುತ್ತದೆ. 30 ದಿನಗಳ ಗಡುವಿನೊಳಗೆ ಪ್ರತಿಗಳು ಕೈಸೇರಿದವು. ಚರಂಡಿ ಒಂದು ವರ್ಷದ ಕಾಮಗಾರಿ, ರಸ್ತೆ ಮತ್ತು ಮೋರಿ ಮತ್ತೊಂದು ವರ್ಷದ, ಬೇರೆ ವಿಭಾಗದ ಕಾಮಗಾರಿ. ಎರಡರ ತಳವನ್ನು ಒಂದೇ ಹಾಳೆಯಲ್ಲಿ ತೋರಿಸಿದ ನಕ್ಷೆ ಎಲ್ಲೂ ಇರಲಿಲ್ಲ. ಆ ಹಾಳೆಯನ್ನು ನಾನೇ ಗ್ರಾಫ್ ಕಾಗದದ ಮೇಲೆ ಬರೆದೆ.

ಅದನ್ನು ಒಯ್ದು ತೋರಿಸಿದಾಗ ಪಾಲಿಕೆಯ ಕಿರಿಯ ಎಂಜಿನಿಯರ್ ಗ್ರಾಫನ್ನು ಬಹಳ ಹೊತ್ತು ನೋಡಿ, ಸಂಜೆಯೇ ತಮ್ಮ ಉಪಕರಣದೊಂದಿಗೆ ಬಂದು ಮರು ಅಳತೆ ಮಾಡಿದರು. ಅವರ ಲೆಕ್ಕಕ್ಕೂ ನಮ್ಮದಕ್ಕೂ ಒಂದು ಸೆಂ.ಮೀ. ವ್ಯತ್ಯಾಸವಿತ್ತು. ರಸ್ತೆಯಾಚೆಯ ದೊಡ್ಡ ಚರಂಡಿಯ ತಳ ಇನ್ನೂ ಒಂದೂವರೆ ಅಡಿ ಕೆಳಗಿದ್ದುದರಿಂದ, ಪೈಪನ್ನು ಇಳಿಸುವುದಕ್ಕೆ ಅಡ್ಡಿಯೇನೂ ಇರಲಿಲ್ಲ.

ಅದಕ್ಕೆ ಮೊದಲು ನಾವು ಮಾಡಲೇಬೇಕಾದ ಒಂದು ಕೆಲಸವಿತ್ತು. ಎರಡು ಮನೆಗಳ ಶೌಚಾಲಯದ ನೀರು ಒಳಚರಂಡಿಗೆ ಹೋಗದೆ ನೇರವಾಗಿ ನಾಲಿಗೆ ಬೀಳುತ್ತಿತ್ತು. ಅಂಥ ತೆರೆದ ಚರಂಡಿಯನ್ನು ಮನುಷ್ಯರ ಕೈಯಿಂದ ತೆಗೆಸುವುದು 2013ರ ಕಾಯ್ದೆಯ ಪ್ರಕಾರ ನಿಷಿದ್ಧವಾದ ಮಲ ಹೊರುವ ಕೆಲಸವೇ ಆಗುತ್ತದೆ. ಇಷ್ಟು ವರ್ಷ ನಾವು "ಹೂಳು ತೆಗೆಸಿ" ಎಂದು ಬರೆದ ಪ್ರತಿ ದೂರಿನಲ್ಲೂ ಆ ಹಿರಿಯ ಮಹಿಳೆಯನ್ನು ಅದಕ್ಕೇ ಇಳಿಸಿದ್ದೆವು. ಇದನ್ನು ಓಣಿಯ ಸಭೆಯಲ್ಲಿ ಹೇಳುವಾಗ ನನ್ನ ಧ್ವನಿ ಸ್ಥಿರವಾಗಿರಲಿಲ್ಲ. ಒಂದು ಮನೆಯವರು ವಾರದೊಳಗೆ ಸಂಪರ್ಕ ಪಡೆದರು. ಇನ್ನೊಂದು ಮನೆಯವರಿಗೆ ಹಣದ ತೊಂದರೆಯಿದ್ದುದರಿಂದ ಎಲ್ಲರೂ ಹಣ ಕೂಡಿಸಿ ಪೈಪು ಹಾಕಿಸಿದೆವು.

ಕಷ್ಟವಾದದ್ದು ಚರಂಡಿಯ ಮೇಲಿನ ಕಲ್ಲುಗಳ ವಿಷಯ. ಶಹಾಬಾದ್ ಫರ್ಸಿ ನಮ್ಮಲ್ಲಿ ಅಗ್ಗ. ಹಾಗಾಗಿ ಮನೆಯ ಮುಂದಿನ ನಾಲಿಗೆ ಫರ್ಸಿ ಹಾಸಿ, ಸಿಮೆಂಟಿನಿಂದ ಶಾಶ್ವತವಾಗಿ ಮುಚ್ಚಿಬಿಡುವ ರೂಢಿಯಿದೆ. ಒಮ್ಮೆ ಮುಚ್ಚಿದ ಮೇಲೆ ಅದರಡಿಯ ಕಸ ಯಾರ ಕೈಗೂ ಎಟುಕುವುದಿಲ್ಲ. ಎದುರು ಮನೆಯ ಕಾಕಾ ಹತ್ತು ಅಡಿ ಉದ್ದಕ್ಕೆ ಮುಚ್ಚಿದ್ದರು, ಒಡೆಯಲು ಒಪ್ಪಲಿಲ್ಲ. ಆ ಕಲ್ಲಿನ ಅಂಚಿನಿಂದಲೇ ಒಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅವರ ಕಟ್ಟೆಯ ನೆರಳಿನಲ್ಲಿ ಇಟ್ಟೆ. ಬಾಟಲಿಯೊಳಗೆ ಕೂದಲೆಳೆಯಂಥ ಮರಿಹುಳುಗಳು ಬಾಲದ ಉಸಿರುನಳಿಕೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗಾಗಿ ಓರೆಯಾಗಿ ನೇತಾಡುತ್ತಿದ್ದವು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯ ಗುರುತು ಅದು. ಮಲೇರಿಯಾ ಹರಡುವ ಅನಾಫಿಲಿಸ್ ಮರಿಗಳಾದರೆ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತವೆ. ಆರನೆಯ ದಿನದಿಂದ ಬಟ್ಟೆಯ ಒಳಬದಿಗೆ ಸೊಳ್ಳೆಗಳು ಬಂದು ಕೂರತೊಡಗಿದವು, ಒಂಬತ್ತನೆಯ ದಿನ ಎಣಿಸಿದಾಗ 31 ಇದ್ದವು. ಈ ಸೊಳ್ಳೆಯೇ ಆನೆಕಾಲು ರೋಗವನ್ನು ಹರಡುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳನ್ನು ಆ ರೋಗ ಬಹುಕಾಲ ಕಾಡಿದೆ. ನಮ್ಮ ಶಾಲೆಯ ಮಕ್ಕಳು ಡಿಇಸಿ ಮತ್ತು ಅಲ್ಬೆಂಡಜೋಲ್ ಮಾತ್ರೆ ನುಂಗಿದ್ದು ಅದಕ್ಕಾಗಿಯೇ. ಕಾಕಾ ಅವರ ತಾಯಿಗೆ ಆ ಕಾಯಿಲೆಯಿತ್ತೆಂಬುದು ನನಗೆ ಗೊತ್ತಿರಲಿಲ್ಲ. ಬಾಟಲಿ ನೋಡಿದ ದಿನ ಅವರೇ ಹೇಳಿದರು. "ನಾಳೆ ಒಡಸ್ತೀನವ್ವ" ಎಂದರು, ಒಡೆಸಿದರು.

ಅಲ್ಲಿ ಈಗ ಎರಡು ಅಡಿ ಚೌಕದ ಬಿಡಿ ಫರ್ಸಿಗಳಿವೆ. ಒಂದೊಂದೂ ಸುಮಾರು 35 ಕಿಲೋ ತೂಗುತ್ತದೆ. ಎರಡೂ ಬದಿಗೆ ಕಬ್ಬಿಣದ ಹಿಡಿ ಕೂರಿಸಿರುವುದರಿಂದ ಇಬ್ಬರು ಸೇರಿ ಸುಲಭವಾಗಿ ಎತ್ತಬಹುದು. ಇದನ್ನು ನೋಡಿ ಇನ್ನೂ ಐದು ಮನೆಯವರು ಹಾಗೆಯೇ ಮಾಡಿಸಿಕೊಂಡಿದ್ದಾರೆ.

ಮೋರಿಯ ಪೈಪನ್ನು 16 ಸೆಂ.ಮೀ. ಇಳಿಸಿ, ಕೊನೆಯ 15 ಮೀಟರ್ ತಳವನ್ನು ಹೊಸದಾಗಿ ಹಾಕಿದ್ದು ಆಗಸ್ಟ್ ತಿಂಗಳ ಕೊನೆಯಲ್ಲಿ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್‌ನಲ್ಲಿ. ಮೊದಲ ದೊಡ್ಡ ಮಳೆ ನಿಂತ ಮರುದಿನ ಬೆಳಿಗ್ಗೆ ಬೇವಿನ ಕಡ್ಡಿ ಹಿಡಿದು ಹೋದೆ. ಕೆಳತುದಿಯಲ್ಲಿ 10 ಮೀಟರ್‌ಗೆ 21 ಸೆಕೆಂಡು. ಹದಿನೇಳು ಆಗಲಿಲ್ಲ, ಏಕೆಂದರೆ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತ ಕಾಕಾ ಅವರ ಮನೆಯ ಮುಂದೆ ಚರಂಡಿಯ ಗೋಡೆಯನ್ನು ಎಂಟು ಅಡಿ ಉದ್ದಕ್ಕೆ ಒಳಗೆ ವಾಲಿಸಿದೆ. ಆ ಎಂಟು ಅಡಿಯ ಅಳತೆ, ಎರಡು ಚಿತ್ರ ಮತ್ತು ಹೊಸ ಗ್ರಾಫನ್ನು ಕಳೆದ ಸೋಮವಾರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ.