ಫ್ಲಾಟ್‌ಹೆಡ್ ಬಿಚ್ಚಿದವನ ಮಾತು

ಮಿಷಿಗನ್‌ಗೆ ಕೆಲಸಕ್ಕೆ ಬಂದ ನಮ್ಮ ಹುಡುಗರು ಕೆಲವರು ನನ್ನ ಗರಾಜಿಗೆ ಬಂದು, ಹಳೇ ಇಂಜಿನ್ ಕೆಲಸ ಕಲಿಯಲು ಎಲ್ಲಿಂದ ಶುರು ಮಾಡಬೇಕು ಎಂದು ಕೇಳುತ್ತಾರೆ. ಫೋರ್ಡಿನ ಫ್ಲಾಟ್‌ಹೆಡ್ ವಿ8 ಹಿಡಿಯಿರಿ ಎನ್ನುತ್ತೇನೆ. ವಾಲ್ವ್‌ಗಳು ಹೆಡ್‌ನಲ್ಲಿರದೆ ಸಿಲಿಂಡರ್ ಪಕ್ಕದಲ್ಲಿರುವ, ಹೆಡ್ ಚಪ್ಪಟೆಯಾಗಿರುವ ಎಂಟು ಸಿಲಿಂಡರಿನ ಇಂಜಿನ್ ಅದು. ಪಾರ್ಟ್ಸ್ ಇವತ್ತಿಗೂ ಸಿಗುತ್ತವೆ. ಜೊತೆಗೆ, ಅಮೆರಿಕದ ಇಂಜಿನ್‌ಗಳು ಯಾಕೆ ಹಾಗಿದ್ದವು, ಯಾಕೆ ಬದಲಾದವು ಎನ್ನುವುದು ಅದನ್ನು ಬಿಚ್ಚುತ್ತಾ ಹೋದರೆ ತಾನಾಗಿ ಗೊತ್ತಾಗುತ್ತದೆ.

ನನ್ನದು 1947ರ ಕಾರಿನ ಇಂಜಿನ್. 239 ಘನ ಇಂಚು, ಅಂದರೆ 3.9 ಲೀಟರ್. ಕೊಡುವುದು 100 ಕುದುರೆ ಶಕ್ತಿ. ಈಗಿನ ಸಣ್ಣ ಟರ್ಬೊ ಕಾರೂ ಅಷ್ಟು ಕೊಡುತ್ತದೆ, ನಗಬೇಡಿ.

ಮೊದಲ ಕಷ್ಟ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಭಾಗ, ತೆಗೆಯುವುದು. ಒಂದೊಂದು ಹೆಡ್‌ಗೆ 24 ಸ್ಟಡ್, ಅಂದರೆ ಬ್ಲಾಕ್‌ಗೆ ತಿರುಗಿಸಿ ಕೂರಿಸಿದ ಮರೆಯ ಕಡ್ಡಿಗಳು. ಹಲವು ಸ್ಟಡ್‌ಗಳ ಬುಡ ನೇರ ನೀರಿಗೇ ಇಳಿದಿರುತ್ತದೆ, ಹಾಗಾಗಿ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕು, ಸ್ವಲ್ಪ ಬಿಸಿ ಮಾಡಬೇಕು, ಮತ್ತೆ ಕಾಯಬೇಕು. ಸುಮ್ನೆ ಪಾನಾ ಹಾಕಿ ಎಳೆದರೆ ಸ್ಟಡ್ ಮುರಿದು ಕೈಗೆ ಬರುತ್ತದೆ.

ಹೆಡ್ ಎದ್ದ ಮೇಲೆ ನೋಡಿದರೆ ಅದು ಬರೀ ಮುಚ್ಚಳ. ವಾಲ್ವ್‌ಗಳೆಲ್ಲ ಕೆಳಗೆ ಬ್ಲಾಕ್‌ನಲ್ಲಿ, ಸಿಲಿಂಡರ್ ಪಕ್ಕದಲ್ಲಿ ಕೂತಿರುತ್ತವೆ. ಒಳಗೆ ಬರುವ ಗಾಳಿ ಮೇಲೆ ಎದ್ದು, ಪಕ್ಕಕ್ಕೆ ತಿರುಗಿ, ಸಿಲಿಂಡರಿಗೆ ಇಳಿಯಬೇಕು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತೇವೋ ಅದು, ಜಾಸ್ತಿ ಮಾಡೋಣ ಎಂದು ಹೆಡ್‌ನ ಗುಳಿ ಚಿಕ್ಕದು ಮಾಡಿದರೆ ಗಾಳಿಯ ದಾರಿ ಇಕ್ಕಟ್ಟಾಗುತ್ತದೆ. ದಾರಿ ಅಗಲ ಮಾಡಿದರೆ ಕಂಪ್ರೆಷನ್ ಬೀಳುತ್ತದೆ. ಈ ಇಂಜಿನ್‌ನಲ್ಲಿ ಅದು 6.75 ಪಟ್ಟಿಗೆ ನಿಂತಿದೆ.

ಇನ್ನು ಎಗ್ಜಾಸ್ಟ್. ಒಂದು ಕಡೆಗೆ ನಾಲ್ಕು ಸಿಲಿಂಡರ್, ಹೊಗೆ ಹೊರಬರುವ ಬಾಯಿ ಮೂರೇ. ನಡುವಿನ ಎರಡು ಸಿಲಿಂಡರ್‌ಗಳಿಗೆ ಒಂದೇ ಬಾಯಿ. ಬಿಸಿ ಹೊಗೆ ಬ್ಲಾಕ್‌ನೊಳಗೆ ನೀರಿನ ಪಕ್ಕದಲ್ಲೇ ಹಾದು ಬರುತ್ತದೆ. ಇಂಜಿನ್ ವಿಪರೀತ ಬಿಸಿಯಾಗುತ್ತದೆ ಎಂಬ ದೂರು ಹುಟ್ಟಿದ್ದು ಇಲ್ಲೇ. ನಾನು ನೀರಿನ ಜಾಗದೊಳಗೆ ಬಗ್ಗಿಸಿದ ತಂತಿ ಹಾಕಿ ಕೆದಕಿದಾಗ ತುಕ್ಕಿನ ಜೊತೆ ಕರೀ ಮರಳೂ ಉದುರಿತು. ಎರಕ ಹೊಯ್ದಾಗ ಒಳಗೇ ಉಳಿದ ಮರಳು ಅದು! ಎಂಟು ಸಿಲಿಂಡರ್ ಒಂದೇ ಎರಕದಲ್ಲಿ ಹೊಯ್ದು ಅಗ್ಗದ ಕಾರಿಗೆ ವಿ8 ಕೊಟ್ಟದ್ದು 1932ರ ಫೋರ್ಡಿನ ದೊಡ್ಡ ಸಾಹಸ, ಒಪ್ಪೋಣ. ಮರಳು ತೆಗೆಯುವ ಕೆಲಸ ಮಾತ್ರ ನಮಗೆ ಬಿಟ್ಟಿದ್ದಾರೆ. ಅದನ್ನು ತೆಗೆಯದೆ ದೊಡ್ಡ ರೇಡಿಯೇಟರ್ ಹಾಕಿಸುವುದು ದುಡ್ಡು ದಂಡ.

ವಾಲ್ವ್ ಗ್ಯಾಪ್ ಕೂರಿಸುವುದು ತಾಳ್ಮೆಯ ಕೆಲಸ. ವಾಲ್ವ್ ಕಡ್ಡಿಗೂ ಅದನ್ನು ತಳ್ಳುವ ಟ್ಯಾಪೆಟ್‌ಗೂ ನಡುವಿನ ಸಂದು ಅದು. ಕಂಪನಿಯ ಟ್ಯಾಪೆಟ್‌ಗೆ ಅದನ್ನು ಸರಿಮಾಡುವ ಸ್ಕ್ರೂ ಇಲ್ಲ. ವಾಲ್ವ್ ಕಡ್ಡಿಯ ತುದಿಯನ್ನೇ ಗ್ರೈಂಡ್ ಮಾಡಬೇಕು, ಹಾಕಿ ಅಳೆಯಬೇಕು, ಮತ್ತೆ ತೆಗೆಯಬೇಕು. ನಾನು ಇನ್‌ಟೇಕಿಗೆ 12 ಥೌ (ಇಂಚಿನ ಸಾವಿರದ 12ನೇ ಪಾಲಲ್ಲ, ಸಾವಿರದಲ್ಲಿ 12 ಪಾಲು), ಎಗ್ಜಾಸ್ಟಿಗೆ 14 ಥೌ ಇಡುತ್ತೇನೆ. ಜಾಸ್ತಿ ಉಜ್ಜಿದರೆ ಆ ವಾಲ್ವ್ ಹೋಯಿತು ಅಂತಲೇ ಲೆಕ್ಕ.

ಇಷ್ಟೆಲ್ಲ ತೊಂದರೆ ಇದ್ದರೂ ಇದನ್ನೇ ಯಾಕೆ ಮಾಡಿದರು? ಪೆಟ್ರೋಲ್ ನೋಡಿ. 1908ರ ಮಾಡೆಲ್ ಟಿ ಕಾಲದಲ್ಲಿ ಅದು ಎಷ್ಟು ಕಳಪೆ ಎಂದರೆ ಕಂಪ್ರೆಷನ್ 4.5ರ ಆಸುಪಾಸಿನಲ್ಲೇ ಇಡಬೇಕಿತ್ತು. ಆ ಲೆಕ್ಕಕ್ಕೆ ವಾಲ್ವ್ ಪಕ್ಕದಲ್ಲಿರುವ ಈ ಫ್ಲಾಟ್‌ಹೆಡ್ ಧಾರಾಳ ಸಾಕು. ಹೆಡ್ ಬಿಚ್ಚಿದರೆ ಮಸಿ ಕೆರೆಯಬಹುದು, ವಾಲ್ವ್ ಮುರಿದು ಪಿಸ್ಟನ್ ಮೇಲೆ ಬೀಳುವ ಭಯವೂ ಇಲ್ಲ. 1921ರಲ್ಲಿ ಜನರಲ್ ಮೋಟರ್ಸ್‌ನ ಥಾಮಸ್ ಮಿಡ್ಗ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಇಂಜಿನ್ ಬಡಿಯುವುದು) ನಿಲ್ಲುತ್ತದೆ ಎಂದು ಕಂಡುಕೊಂಡರು. ವಿಷವೇ, ಆದರೆ ಕಂಪ್ರೆಷನ್ ಏರಿಸಲು ದಾರಿಯಾಯಿತು. ಎರಡನೇ ಮಹಾಯುದ್ಧದ ನಂತರ ಪೆಟ್ರೋಲ್ ಇನ್ನೂ ಸುಧಾರಿಸಿತು. 1949ರಲ್ಲಿ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬಿಲ್ ವಾಲ್ವ್‌ಗಳನ್ನು ಹೆಡ್‌ಗೆ ಏರಿಸಿದ ಹೊಸ ವಿ8 ತಂದವು. ಕ್ಯಾಡಿಲಾಕ್ 331 ಘನ ಇಂಚಿನಲ್ಲಿ 160 ಕುದುರೆ ಶಕ್ತಿ ಕೊಟ್ಟಿತು. ಫೋರ್ಡ್ ಅಮೆರಿಕದಲ್ಲಿ 1953ರವರೆಗೆ ಹಳೆಯದನ್ನೇ ಎಳೆಯಿತು.

ಬೈಕ್‌ಗಳ ಕಥೆ ಇಷ್ಟು ನೇರವಾಗಿಲ್ಲ. ಹಾರ್ಲೆ-ಡೇವಿಡ್ಸನ್ ಕಂಪನಿ 1936ರಲ್ಲೇ ಓವರ್‌ಹೆಡ್ ವಾಲ್ವ್‌ನ, ಅಂದರೆ ವಾಲ್ವ್ ಹೆಡ್‌ನಲ್ಲೇ ಇರುವ, ‘ನಕಲ್‌ಹೆಡ್’ ಎಂಬ ಇಂಜಿನ್ ತಂದಿತು. ಆದರೂ ಯುದ್ಧಕ್ಕೆ ಹೋದದ್ದು 45 ಘನ ಇಂಚಿನ ಫ್ಲಾಟ್‌ಹೆಡ್. ಅದೇ ಇಂಜಿನ್ ಮೂರು ಚಕ್ರದ ಸರ್ವಿ-ಕಾರ್‌ನಲ್ಲಿ 1973ರವರೆಗೂ ದುಡಿಯಿತು. ಗೆಳೆಯನೊಬ್ಬನ 45 ಬಿಚ್ಚಿದಾಗ ಕ್ಯಾಮ್ ಬದಿಯ ಮುಚ್ಚಳ ತೆಗೆದು ನೋಡುತ್ತಾ ನಿಂತುಬಿಟ್ಟೆ. ಒಂದೊಂದು ವಾಲ್ವ್‌ಗೂ ಅದನ್ನು ಎತ್ತುವ ಒಂದೊಂದು ಕ್ಯಾಮ್, ನಾಲ್ಕೂ ಸಾಲಾಗಿ ಹಲ್ಲಿಗೆ ಹಲ್ಲು ಕಚ್ಚಿ ಕೂತಿವೆ. ಗುರುತಿಗೆ ಗುರುತು ಕೂಡಿಸಿ ಜೋಡಿಸಬೇಕು. ಟ್ಯಾಪೆಟ್‌ಗೆ ಸ್ಕ್ರೂ ಇದೆ, ಎರಡು ಪಾನಾ ಇದ್ದರೆ ಗ್ಯಾಪ್ ಮುಗಿಯಿತು. ಫೋರ್ಡಿನವರು ಇದನ್ನು ನೋಡಿ ಕಲಿಯಬಹುದಿತ್ತು, ಅಲ್ವಾ?

ಈಗಿನ ಸೀಸವಿಲ್ಲದ ಪೆಟ್ರೋಲಿನಲ್ಲಿ ವಾಲ್ವ್ ಸೀಟ್ (ವಾಲ್ವ್ ಬಂದು ಕೂರುವ ಜಾಗ) ಸವೆಯುವುದಿಲ್ಲವೇ ಎಂದು ಕೆಲವರು ಹೆದರಿಸುತ್ತಾರೆ. ಈ ಫೋರ್ಡ್‌ನಲ್ಲಿ ಎಗ್ಜಾಸ್ಟ್ ಸೀಟ್‌ಗೆ ಗಟ್ಟಿ ಉಕ್ಕಿನ ಉಂಗುರ ಕಂಪನಿಯಿಂದಲೇ ಬಂದಿದೆ. ನಾನು ಇಲ್ಲಿನ ಪಂಪ್‌ನ ಸಾದಾ 87 ಆಕ್ಟೇನ್ ಪೆಟ್ರೋಲ್ ಹಾಕಿಯೇ ಓಡಿಸುತ್ತೇನೆ. 6.75 ಕಂಪ್ರೆಷನ್‌ಗೆ ಅದೇ ಜಾಸ್ತಿ. ಪ್ರೀಮಿಯಂಗೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ಹೆಡ್ ಗ್ಯಾಸ್ಕೆಟ್ ತಗೊಳ್ಳಿ.