ಸಂತನ ಮುಖದ ಕಪ್ಪು ಗೆರೆಗಳು

ಇಟಲಿಯ ಉಂಬ್ರಿಯಾದಲ್ಲಿ ಬೆಟ್ಟದ ಮೇಲೊಂದು ಪುಟ್ಟ ಚರ್ಚ್. ಗೋಡೆಯ ಮೇಲೆ 1300ರ ಆಸುಪಾಸಿನ ಒಬ್ಬ ಸಂತನ ಚಿತ್ರ. ಅವನ ಮುಖ ಮಾತ್ರ ವಿಚಿತ್ರ. ಹಣೆ, ಮೂಗಿನ ಏಣು, ಗಡ್ಡದ ಎಳೆಗಳು, ಹೀಗೆ ಬೆಳಕು ಬೀಳಬೇಕಾದ ಜಾಗವೆಲ್ಲ ಕಪ್ಪು. ಹಳೆಯ ವರದಿಯೊಂದರಲ್ಲಿ ‘ಮೇಣದಬತ್ತಿಯ ಮಸಿ’ ಅಂತ ಬರೆದಿತ್ತು. ನನಗದು ಸರಿ ಅನ್ನಿಸಲಿಲ್ಲ. ಮಸಿಯಾಗಿದ್ದರೆ ಮುಖಕ್ಕೆಲ್ಲ ಹರಡಬೇಕಿತ್ತು, ಅಲ್ವಾ? ಅದು ಸಪೂರ ಗೆರೆಗಳನ್ನೇ ಹುಡುಕಿ ಕೂರುವುದಿಲ್ಲ.

ಮೊದಲ ದಿನ ಬಣ್ಣ ಪರೀಕ್ಷಿಸುವ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಕತ್ತಲಾಗುವವರೆಗೆ ಕಾದು, ಟಾರ್ಚನ್ನು ಗೋಡೆಗೆ ತಾಗುವಂತೆ ಹಿಡಿದು ಅಡ್ಡ ಬೆಳಕು ಬಿಟ್ಟೆ. ಹಗಲಲ್ಲಿ ಸಮತಟ್ಟಾಗಿದ್ದ ಗೋಡೆಯಲ್ಲಿ ಗಾರೆಯ ಅಂಚುಗಳು ಎದ್ದು ಕಂಡವು. ಫ್ರೆಸ್ಕೊ ಅಂದರೆ ಹಸಿ ಗಾರೆಯ ಮೇಲಿನ ಕೆಲಸ. ಬಣ್ಣಕ್ಕೆ ನೀರು ಮಾತ್ರ, ಅಂಟಿಲ್ಲ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಅವತ್ತು ಬರೆದು ಮುಗಿಸುವಷ್ಟೇ ಗಾರೆ ಮೆತ್ತುತ್ತಿದ್ದರು. ಆ ತುಂಡಿಗೆ ಇಟಲಿಯವರು ಜೋರ್ನಾತಾ ಅನ್ನುತ್ತಾರೆ. ಯಾವ ತುಂಡಿನ ಅಂಚು ಯಾವುದರ ಮೇಲೆ ಹತ್ತಿದೆ ಅಂತ ನೋಡಿದರೆ ಕೆಲಸ ನಡೆದ ಕ್ರಮ ತಿಳಿಯುತ್ತದೆ. ನಮ್ಮ ಸಂತನ ತಲೆಗೇ ಒಂದು ಬೇರೆ ತುಂಡಿತ್ತು.

ಕೆಳಗೆ ಒಂದು ಕಡೆ ಮೇಲಿನ ಗಾರೆ ಉದುರಿತ್ತು. ಅಲ್ಲಿನ ಒರಟು ಪದರದ ಮೇಲೆ ಕೆಂಪು ಕರಡು ಗೆರೆಗಳು. ಇದು ಸಿನೋಪಿಯಾ, ಅಂದರೆ ಕೆಮ್ಮಣ್ಣು. ನಮ್ಮ ಕರಾವಳಿಯ ಕಾವಿ ಕಲೆಯ ಕೆಂಪೂ ಇದೇ ಜಾತಿಯದು. ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟೆ.

ಮರುದಿನ ಎಕ್ಸ್‌ಆರ್‌ಎಫ್ ಯಂತ್ರ ಹಿಡಿದೆ. ಇದು ಎಕ್ಸ್‌-ರೇ ಹಾಯಿಸಿ ಯಾವ ಯಾವ ಧಾತು ಇದೆ ಅಂತ ಹೇಳುತ್ತದೆ, ಗೋಡೆ ಕೆರೆಯಬೇಕಿಲ್ಲ. ಕ್ಯಾಲ್ಸಿಯಂ ಎಲ್ಲ ಕಡೆ ಬಂತು, ಅದು ಗೋಡೆಯದೇ ಸುಣ್ಣ. ಕೆಂಪು ಬಟ್ಟೆಯಲ್ಲಿ ಕಬ್ಬಿಣ. ಅಳಿದುಳಿದ ನೀಲಿಯಲ್ಲಿ ತಾಮ್ರ. ಕಪ್ಪು ಗೆರೆಗೆ ಹಿಡಿದಾಗ ಸೀಸ ಜೋರಾಗಿ ಬಂತು. ಪಕ್ಕದ ಕೆನ್ನೆಯಲ್ಲಿ ಸೀಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಸಿ ಬರೀ ಇಂಗಾಲ. ಅದರಲ್ಲಿ ಸೀಸ ಎಲ್ಲಿಂದ ಬರಬೇಕು?

ಸೀಸ ಇದೆ ಅಂತ ಗೊತ್ತಾದರೆ ಸಾಲದು, ಅದು ಯಾವ ರೂಪದಲ್ಲಿದೆ ಅಂತ ಗೊತ್ತಾಗಬೇಕು. ಅನುಮತಿ ಪಡೆದು, ಆಗಲೇ ಬಿರುಕು ಬಿಟ್ಟಿದ್ದ ಜಾಗದಿಂದ ಗುಂಡುಪಿನ್ನಿನ ತಲೆಗಿಂತ ಚಿಕ್ಕ ಚೂರು ತೆಗೆದೆ. ತಪ್ಪು ಮಾಡಿದ್ದು ಇಲ್ಲೇ. ಲ್ಯಾಬಿನಲ್ಲಿ ರಾಮನ್ ಉಪಕರಣ ಬಳಸಿದೆ, ಅದು ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನಿಂದ ವಸ್ತು ಯಾವುದು ಅಂತ ಹೇಳುತ್ತದೆ. ಅದರ ಲೇಸರ್ ಶಕ್ತಿ ಜಾಸ್ತಿ ಇಟ್ಟೆ. ಸಿಂಧೂರ, ಅಂದರೆ ಸೀಸದ ಕಿತ್ತಳೆಗೆಂಪು ಆಕ್ಸೈಡ್ ಅಂತ ಉತ್ತರ ಬಂತು. ಕಪ್ಪು ಗೆರೆಯಲ್ಲಿ ಸಿಂಧೂರವೇ? ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಅದೇ ಚೂರನ್ನು ಮತ್ತೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಲೇಸರ್ ಬಿದ್ದ ಕಡೆ ಕಪ್ಪಿನ ನಡುವೆ ಪುಟ್ಟದೊಂದು ಕಿತ್ತಳೆ ಚುಕ್ಕೆ. ಅಳೆಯಲು ಹೋಗಿ ನಾನೇ ಅದನ್ನು ಸುಟ್ಟು ಸಿಂಧೂರ ಮಾಡಿದ್ದೆ! ಉಳಿದ ಕಣವನ್ನು ಎಕ್ಸ್‌-ರೇ ಡಿಫ್ರಾಕ್ಷನ್‌ಗೆ ಇಟ್ಟೆ. ಎಕ್ಸ್-ರೇ ಚದುರುವ ಬಗೆಯಿಂದ ವಸ್ತುವನ್ನು ಗುರುತಿಸುವ ಈ ವಿಧಾನದಲ್ಲಿ ಹಾಗೆ ಸುಡುವ ಭಯವಿಲ್ಲ. ಪ್ಲಾಟ್ನರೈಟ್ ಅಂತ ಬಂತು. ಅದು ಸೀಸದ ಡೈಆಕ್ಸೈಡ್, ಬಣ್ಣ ಕಪ್ಪು.

ಅಂದರೆ ಆ ಗೆರೆಗಳು ಮೊದಲು ಸೀಸದ ಬಿಳಿ, ಸೀಸದಿಂದ ಮಾಡುವ ಬಿಳಿ ಬಣ್ಣ. ಗೋಡೆಯ ಮೇಲೆ ಅದು ಕಾಲಕ್ರಮೇಣ ಹೀಗೆ ಕಪ್ಪಾಗುತ್ತದೆ. ಉಂಬ್ರಿಯಾದ ಅಸ್ಸೀಸಿ ಊರಿನ ದೊಡ್ಡ ಚರ್ಚಾದ ಬಸಿಲಿಕಾದ ಮೇಲಂತಸ್ತಿನಲ್ಲಿ ಚಿಮಾಬುವೆ ಎಂಬ ಚಿತ್ರಕಾರ ಬರೆದ ಶಿಲುಬೆಯ ದೃಶ್ಯ ಇವತ್ತು ಫೋಟೋ ನೆಗೆಟಿವ್‌ನಂತೆ ಕಾಣುವುದಕ್ಕೂ ಇದೇ ಕಾರಣ. ಗೋಡೆಗೆ ಸೀಸದ ಬಿಳಿ ಬಳಸಬೇಡಿ, ಅದು ಕಪ್ಪಾಗುತ್ತದೆ ಅಂತ 1400ರ ಹೊತ್ತಿಗೆ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರ ಬರೆದಿಟ್ಟಿದ್ದಾನೆ. ಸುಣ್ಣದ ಬಿಳಿಯನ್ನೇ ಹಚ್ಚಿದ್ದರೆ ಈ ಮುಖಕ್ಕೆ ಈ ಗತಿ ಬರುತ್ತಿರಲಿಲ್ಲ.

ಇನ್ನೊಂದು ಚೂರನ್ನು ರೆಸಿನ್‌ನಲ್ಲಿ ಕೂರಿಸಿ, ಉಜ್ಜಿ, ಅಡ್ಡಕೊಯ್ತ ನೋಡಿದೆ. ಕೆನ್ನೆಯ ಮಣ್ಣಿನ ಬಣ್ಣ ಗಾರೆಯೊಳಗೆ ಬೆರೆತುಹೋಗಿತ್ತು, ಎಲ್ಲಿ ಗಾರೆ ಮುಗಿದು ಎಲ್ಲಿ ಬಣ್ಣ ಶುರು ಅಂತ ಹೇಳಲಾಗದು. ಅದರ ಮೇಲೆ ಕಪ್ಪು ಪದರ ಮಾತ್ರ ಬೇರೆಯಾಗಿ ಕೂತಿತ್ತು, ನಡುವೆ ಸ್ಪಷ್ಟ ಗೆರೆ. ಗೋಡೆ ಒಣಗಿದ ಮೇಲೆ ಚಿತ್ರಕಾರ ಮತ್ತೆ ಅಟ್ಟಣಿಗೆ ಹತ್ತಿ, ಸಂತನ ಮುಖಕ್ಕೆ ಕೊನೆಯ ಬೆಳಕು ಕೊಟ್ಟು ಇಳಿದಿದ್ದ.

‘ಮತ್ತೆ ಬಿಳಿ ಮಾಡಬಹುದಾ?’ ಅಂತ ಅಲ್ಲಿನ ಪಾದ್ರಿಗಳು ಕೇಳಿದರು. ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಹಾಗೆ ತಿರುಗಿಸುವ ಪ್ರಯತ್ನಗಳು ನಡೆದಿವೆ. ಆದರೆ ಆಮ್ಲ ಸುಣ್ಣವನ್ನೂ ತಿನ್ನುತ್ತದೆ. ‘ಈ ಗೋಡೆಗೆ ಬೇಡ ಫಾದರ್’ ಅಂದೆ. ಅವರ ಮುಖ ಸಪ್ಪಗಾಯಿತು. ಫೋನಿನಲ್ಲಿ ಸಂತನ ಮುಖದ ಫೋಟೋ ತೆಗೆದು, ಬಣ್ಣ ತೆಗೆದುಹಾಕಿ, ನೆಗೆಟಿವ್ ಮಾಡಿ ಅವರ ಕೈಗೆ ಕೊಟ್ಟೆ. ಹಣೆ ಬೆಳಗಿತು. ಗಡ್ಡದಲ್ಲಿ ಒಂದೊಂದೇ ನರೆಗೂದಲು ಎದ್ದಿತು. ಪಾದ್ರಿಗಳು ಫೋನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ ಮೆಲ್ಲಗೆ ಅಂದರು: ‘ಅಯ್ಯೋ, ಮುದುಕ. ಇಷ್ಟು ವರ್ಷ ಯುವಕ ಅಂದುಕೊಂಡಿದ್ದೆ.’